ಓದುಗರ ಪ್ರಶ್ನೆ, ನಮ್ಮ ಉತ್ತರ: ನೆದರ್ಲೆಂಡ್ಸ್‌ನಲ್ಲಿ ಓದಬೇಕೆಂದರೆ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ನೆದರ್ಲೆಂಡ್ಸ್ ಬಗ್ಗೆಯೇ. ಕೆನಡಾ, ಇಂಗ್ಲೆಂಡ್ ವೀಸಾ ಬಿಗಿಯಾದ ಮೇಲೆ ನಮ್ಮ ಕಡೆಯ ಹುಡುಗರ ಕಣ್ಣು ಅತ್ತ ಹೊರಳಿದೆ ಅಂತ ಕಾಣುತ್ತದೆ. ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿಯಿಂದ ಬಂದ ಪ್ರಶ್ನೆಗಳನ್ನು ಒಟ್ಟಿಗೆ ಹಾಕಿದ್ದೇವೆ. ಹೆಸರು ಬೇಡ ಅಂದವರೇ ಜಾಸ್ತಿ, ಹಾಗಾಗಿ ಬರೀ ಊರು.

ಪ್ರಶ್ನೆ: ನಾನು ದ್ವಿತೀಯ ಪಿಯುಸಿ ಸೈನ್ಸ್. ಹುಬ್ಬಳ್ಳಿಯ ಒಬ್ಬ ಕನ್ಸಲ್ಟೆಂಟ್ ಒಂದು ಕಾಲೇಜು ತೋರಿಸಿ "ಇದು ಯುನಿವರ್ಸಿಟಿ, ಸೀಟು ಗ್ಯಾರಂಟಿ" ಅಂದರು. ನಮ್ಮ ಸೋದರಮಾವನ ಮಗ "ಅದು ಯುನಿವರ್ಸಿಟಿನೇ ಅಲ್ಲ, ಡಿಪ್ಲೊಮಾ ಕಾಲೇಜ್ ಇದ್ದಂಗ" ಅಂತಾನೆ. ಯಾರನ್ನು ನಂಬಲಿ? (ರಾಣೆಬೆನ್ನೂರು)

ಉತ್ತರ: ಇಬ್ಬರೂ ಅರ್ಧ ಹೇಳಿದ್ದಾರೆ ತಮ್ಮಾ. ಅಲ್ಲಿ ಪದವಿ ಓದಲು ಎರಡು ದಾರಿ ಇವೆ. ಒಂದು ಡಬ್ಲ್ಯುಒ, ಅಂದರೆ ಸಂಶೋಧನಾ ವಿಶ್ವವಿದ್ಯಾಲಯ. ಲೈಡನ್, ಉಟ್ರೆಕ್ಟ್, ಗ್ರೊನಿಂಗೆನ್, ಡೆಲ್ಫ್ಟ್ ಎಲ್ಲ ಈ ಸಾಲಿನವು. ಲೈಡನ್ ಅಂತೂ 1575ರಲ್ಲಿ ಶುರುವಾದದ್ದು. ಇಲ್ಲಿ ಬ್ಯಾಚುಲರ್ 3 ವರ್ಷ. ಇನ್ನೊಂದು ಎಚ್‌ಬಿಒ. ಇವು ಇಂಗ್ಲಿಷಿನಲ್ಲಿ ತಮ್ಮನ್ನು 'ಯುನಿವರ್ಸಿಟಿ ಆಫ್ ಅಪ್ಲೈಡ್ ಸೈನ್ಸಸ್' ಅಂತ ಕರೆದುಕೊಳ್ಳುತ್ತವೆ. ಫಾಂಟಿಸ್, ಸ್ಯಾಕ್ಸಿಯನ್, ಹಾನ್ಜೆ ಈ ಸಾಲಿನವು. ಇಲ್ಲಿ ಬ್ಯಾಚುಲರ್ 4 ವರ್ಷ, ಅದರಲ್ಲಿ ಸಾಮಾನ್ಯವಾಗಿ ಒಂದು ಸೆಮಿಸ್ಟರ್ ಕಂಪನಿಯಲ್ಲಿ ಇಂಟರ್ನ್‌ಶಿಪ್, ಕೊನೆಗೆ ಮತ್ತೆ ಕಂಪನಿಯದ್ದೇ ಒಂದು ಸಮಸ್ಯೆ ಹಿಡಿದು ಪ್ರಾಜೆಕ್ಟ್. ನಾಲ್ಕೈದು ಹುಡುಗರ ಗುಂಪು, ಎದುರಿಗೆ ನಿಜವಾದ ಗಿರಾಕಿ, ವಾರಕ್ಕೊಮ್ಮೆ ಅವನ ಮುಂದೆ ಕೂತು ಎಷ್ಟಾಯಿತು ಅಂತ ವರದಿ ಒಪ್ಪಿಸಬೇಕು. ಡಿಪ್ಲೊಮಾ ಅಲ್ಲ ಅದು, ಪೂರ್ತಿ ಪದವಿ. ಕೈಗೆ ಕೆಲಸ ಹತ್ತಬೇಕು ಅನ್ನುವವರಿಗೆ ಒಳ್ಳೆಯದೇ. ಆದರೆ ಎಚ್‌ಬಿಒ ಮುಗಿಸಿ ಸಂಶೋಧನಾ ವಿಶ್ವವಿದ್ಯಾಲಯದಲ್ಲಿ ಮಾಸ್ಟರ್ಸ್ ಮಾಡಬೇಕೆಂದರೆ ಬಹುತೇಕ ಕಡೆ ನೇರವಾಗಿ ಬಿಡುವುದಿಲ್ಲ. ನಡುವೆ ಪ್ರಿ-ಮಾಸ್ಟರ್ ಅಂತ ಆರು ತಿಂಗಳೋ ವರ್ಷವೋ ಓದಬೇಕು. ಕನ್ಸಲ್ಟೆಂಟ್ ಇದನ್ನು ಹೇಳಿರಲಿಕ್ಕಿಲ್ಲ.

ಈ ಎರಡು ದಾರಿ ಯಾಕೆ ಅಂದರೆ, ಅಲ್ಲಿ ಮಕ್ಕಳನ್ನು 12ನೇ ವಯಸ್ಸಿಗೇ ಬೇರೆ ಬೇರೆ ಸಾಲಿಗೆ ಹಚ್ಚುತ್ತಾರೆ. ಹಾವೊ ಅನ್ನುವ 5 ವರ್ಷದ ಶಾಲೆ ಮುಗಿಸಿದವರು ಎಚ್‌ಬಿಒಗೆ, ವಿಡಬ್ಲ್ಯುಒ ಅನ್ನುವ 6 ವರ್ಷದ ಶಾಲೆ ಮುಗಿಸಿದವರು ವಿಶ್ವವಿದ್ಯಾಲಯಕ್ಕೆ. ನಿನ್ನ ಪಿಯುಸಿ ಮಾರ್ಕ್ಸ್ ಕಾರ್ಡು ಅವರ ಮೇಜಿಗೆ ಹೋದಾಗ ಅವರು ಮೊದಲು ಕೇಳಿಕೊಳ್ಳುವುದು ಇಷ್ಟೇ: ಇದು ಹಾವೊಕ್ಕೆ ಸಮವೋ, ವಿಡಬ್ಲ್ಯುಒಗೆ ಸಮವೋ? ಶೇಕಡಾ ಎಷ್ಟು ಅನ್ನುವುದು ಆಮೇಲಿನ ಮಾತು. ಹಾವೊ ಮಟ್ಟ ಅಂತ ನೋಡಿದರೆ ಎಚ್‌ಬಿಒ ಬಾಗಿಲು ತೆರೆಯುತ್ತದೆ, ವಿಶ್ವವಿದ್ಯಾಲಯದ್ದು ತೆರೆಯುವುದಿಲ್ಲ. ಎಷ್ಟೋ ವಿಶ್ವವಿದ್ಯಾಲಯಗಳು ಸಿಬಿಎಸ್‌ಇ, ಐಎಸ್‌ಸಿಯನ್ನು ಒಂದು ರೀತಿ, ರಾಜ್ಯದ ಬೋರ್ಡುಗಳನ್ನು ಇನ್ನೊಂದು ರೀತಿ ನೋಡುತ್ತವೆ. ಆಯಾ ಕೋರ್ಸಿನ ಪುಟದಲ್ಲಿ ದೇಶವಾರು ಪಟ್ಟಿ ಇರುತ್ತದೆ, ಭಾರತದ ಸಾಲು ತೆಗೆದು ಓದು. ಅಲ್ಲಿ ನಿನ್ನ ಬೋರ್ಡಿನ ಮಾತು ಕಾಣದಿದ್ದರೆ ಅಡ್ಮಿಶನ್ ಆಫೀಸಿಗೆ ನೀನೇ ಮೇಲ್ ಹಾಕು. ಉತ್ತರ ಬರುತ್ತದೆ, ಅದಕ್ಕೆ ಯಾರಿಗೂ ರೊಕ್ಕ ಕೊಡಬೇಕಿಲ್ಲ.

ಇನ್ನು "ಸೀಟು ಗ್ಯಾರಂಟಿ" ಮಾತು. ಇದನ್ನು ಎಲ್ಲರೂ ಕೇಳಿಸಿಕೊಳ್ಳಬೇಕು. ಅಲ್ಲಿ ಬಹಳಷ್ಟು ಬ್ಯಾಚುಲರ್ ಕೋರ್ಸುಗಳಿಗೆ ನಮ್ಮ ಸಿಇಟಿ ತರಹದ ರ‍್ಯಾಂಕಿನ ಜಗಳವೇ ಇಲ್ಲ. ಕೇಳಿದ ಅರ್ಹತೆ ಇದ್ದರೆ ಸೀಟು ಸಿಗುತ್ತದೆ. ಹಾಗಿರುವಾಗ ಸುಮ್ನೆ ಸಿಗುವುದಕ್ಕೆ ಗ್ಯಾರಂಟಿ ಕೊಟ್ಟು ಫೀ ತೆಗೆದುಕೊಳ್ಳುವುದು ವ್ಯಾಪಾರ, ಅಷ್ಟೇ. ಸೀಟು ಎಣಿಸಿ ಕೊಡುವ ಕೋರ್ಸುಗಳು ಕೆಲವು ಮಾತ್ರ, ಅವಕ್ಕೆ ನ್ಯೂಮರಸ್ ಫಿಕ್ಸಸ್ ಅನ್ನುತ್ತಾರೆ. ಮೆಡಿಸಿನ್, ಡೆಲ್ಫ್ಟ್‌ನ ಏರೋಸ್ಪೇಸ್ ಇಂಥವು. ಅವಕ್ಕೆ ಜನವರಿ 15ರೊಳಗೆ ಅರ್ಜಿ ಹಾಕಬೇಕು, ನಿನ್ನ ನಂಬರು ಏಪ್ರಿಲ್ 15ಕ್ಕೆ ಗೊತ್ತಾಗುತ್ತದೆ. ಅರ್ಜಿ ಹಾಕುವುದು ಸ್ಟಡಿಲಿಂಕ್ ಅನ್ನುವ ಒಂದೇ ಪೋರ್ಟಲ್‌ನಲ್ಲಿ, ಅದಕ್ಕೂ ಏಜೆಂಟರು ಬೇಕಿಲ್ಲ.

ಸೇರುವುದು ಸುಲಭ ಅಂತ ಖುಷಿಪಡಬೇಡ. ಅವರ ಜರಡಿ ಬಾಗಿಲಲ್ಲಿಲ್ಲ, ಒಳಗಿದೆ. ಮುಂದಿನ ಪ್ರಶ್ನೆಯನ್ನೂ ಓದು.

ಪ್ರಶ್ನೆ: ಧಾರವಾಡ ಕೃಷಿ ವಿಶ್ವವಿದ್ಯಾಲಯದಲ್ಲಿ ಬಿ.ಎಸ್ಸಿ. ಅಗ್ರಿ ಕೊನೆಯ ವರ್ಷ. ನೆದರ್ಲೆಂಡ್ಸ್‌ನ ವಾಗೆನಿಂಗನ್ ವಿಶ್ವವಿದ್ಯಾಲಯಕ್ಕೆ ಹೋಗುವ ಆಸೆ. ಅಲ್ಲಿರುವ ಸೀನಿಯರ್ ಒಬ್ಬರಿಗೆ ಮೊದಲ ಪರೀಕ್ಷೆಯಲ್ಲಿ 10ಕ್ಕೆ 7 ಬಂದಿದೆ. ಇಲ್ಲಿ ಅವರದು 9ರ ಮೇಲೆ ಸಿಜಿಪಿಎ ಇತ್ತು. ಅಷ್ಟು ಕಷ್ಟವೇ? ಕ್ರೆಡಿಟ್ ಲೆಕ್ಕವೂ ತಿಳಿಯುತ್ತಿಲ್ಲ.

ಉತ್ತರ: 7 ಬಂದಿದ್ದರೆ ಅವರಿಗೊಂದು ಶಭಾಷ್ ಹೇಳಿ. ಅಲ್ಲಿ 1ರಿಂದ 10ರ ಅಳತೆ, ಪಾಸಾಗಲು 5.5 ಬೇಕು. 6, 7 ಅನ್ನುವುದು ಕ್ಲಾಸಿನ ಬಹುಪಾಲು ಮಂದಿಗೆ ಬರುವ ಅಂಕ, 8 ಬಂದರೆ ಬಹಳ ಚಲೋ, 9 ಅಪರೂಪ, 10 ಕೊಡಲು ಅವರಿಗೆ ಕೈಯೇ ಬರುವುದಿಲ್ಲ. ಇದನ್ನು ಮನೆಯವರಿಗೂ ಮೊದಲೇ ಹೇಳಿಡಿ. ಮಗಳು ಫೋನ್ ಮಾಡಿ "ಏಳು ಬಂತಪ್ಪಾ" ಅಂದಾಗ ಅಪ್ಪ ಈ ಕಡೆ ತಲೆ ಮೇಲೆ ಕೈಹೊತ್ತು ಕೂರುವುದು ತಪ್ಪುತ್ತದೆ.

ಕ್ರೆಡಿಟ್‌ಗೆ ಅಲ್ಲಿ ಇಸಿ ಅನ್ನುತ್ತಾರೆ. 1 ಇಸಿ ಅಂದರೆ 28 ಗಂಟೆಯ ಓದು. ಕ್ಲಾಸಿನ ಗಂಟೆ ಅಲ್ಲ, ಓದು: ಕ್ಲಾಸು, ಪ್ರಾಕ್ಟಿಕಲ್, ಮನೆಯಲ್ಲಿ ಕೂತು ಓದಿದ್ದು, ಪರೀಕ್ಷೆ ಬರೆದದ್ದು ಎಲ್ಲ ಸೇರಿ. 6 ಇಸಿಯ ಒಂದು ವಿಷಯ ಅಂದರೆ 168 ಗಂಟೆ. ಟೈಮ್‌ಟೇಬಲ್‌ನಲ್ಲಿ ಅದಕ್ಕೆ 50 ಗಂಟೆ ಕ್ಲಾಸು ಕಂಡರೆ ಉಳಿದ 118 ಗಂಟೆ ನಿಮ್ಮ ತಲೆಯ ಮೇಲೆ. ನಮ್ಮವರು ಎಡವುವುದು ಇಲ್ಲಿಯೇ. ಟೈಮ್‌ಟೇಬಲ್ ಖಾಲಿ ಕಾಣುತ್ತದೆ, ಮಧ್ಯಾಹ್ನ ಬಿಡುವಿದೆ ಅನಿಸುತ್ತದೆ, ಪಾರ್ಟ್ ಟೈಮ್ ಕೆಲಸ ಹಿಡಿಯೋಣ ಅನಿಸುತ್ತದೆ, ಅಷ್ಟರಲ್ಲಿ ಪರೀಕ್ಷೆ ಬಂದುಬಿಡುತ್ತದೆ. ವಾಗೆನಿಂಗನ್‌ನಲ್ಲಿ ವರ್ಷವನ್ನು ಆರು ಪಿರಿಯಡ್ ಮಾಡಿದ್ದಾರೆ, ಕೆಲವು ಬರೀ ನಾಲ್ಕು ವಾರದವು. ಸೆಮಿಸ್ಟರ್ ಕೊನೆಯ ಹದಿನೈದು ದಿನ ನಿದ್ದೆಗೆಟ್ಟು ಓದಿ ಪಾಸಾಗುವ ನಮ್ಮ ಪದ್ಧತಿ ಅಲ್ಲಿ ನಡೆಯುವುದಿಲ್ಲ, ಅಷ್ಟು ದಿನವೇ ಇರುವುದಿಲ್ಲ.

ವರ್ಷಕ್ಕೆ 60 ಇಸಿ, ಎರಡು ವರ್ಷದ ಎಂ.ಎಸ್ಸಿ.ಗೆ 120. ಈಗ ಜರಡಿಯ ಮಾತು. ಬ್ಯಾಚುಲರ್ ಸೇರಿದವರಿಗೆ ಮೊದಲ ವರ್ಷದ ಕೊನೆಗೆ ಬಿಎಸ್‌ಎ ಅನ್ನುವ ತೀರ್ಪು ಬರುತ್ತದೆ. 60ರಲ್ಲಿ ಇಂತಿಷ್ಟು ಇಸಿ ಗಳಿಸಿರಲೇಬೇಕು, ಎಷ್ಟು ಅಂತ ಆಯಾ ಸಂಸ್ಥೆ ಗೊತ್ತುಮಾಡುತ್ತದೆ, ಹಲವು ಕಡೆ 40-45ರ ಆಸುಪಾಸು. ಆಗಲಿಲ್ಲವೋ, ಆ ಕೋರ್ಸು ಬಿಡಬೇಕು. ನಮ್ಮಲ್ಲಿ ಇಂಜಿನಿಯರಿಂಗ್ ಹುಡುಗರು ನಾಲ್ಕು ಬ್ಯಾಕ್ ಇಟ್ಟುಕೊಂಡು ಮೂರನೇ ವರ್ಷದವರೆಗೂ ಎಳೆದುಕೊಂಡು ಹೋಗುತ್ತಾರಲ್ಲ, ಅದಕ್ಕೆ ಅಲ್ಲಿ ಅವಕಾಶ ಇಲ್ಲ. ಕಾಯಿಲೆ, ಮನೆಯಲ್ಲಿ ಸಾವುನೋವು ಇಂಥ ಕಾರಣಗಳಿದ್ದರೆ ಪರಿಗಣಿಸುತ್ತಾರೆ, ಆದರೆ ಆಗಿಂದಾಗ್ಗೆ ಸ್ಟಡಿ ಅಡ್ವೈಸರ್‌ಗೆ ತಿಳಿಸಿರಬೇಕು. ಜುಲೈನಲ್ಲಿ ಹೋಗಿ ನವೆಂಬರ್‌ನಲ್ಲಿ ಜ್ವರ ಇತ್ತು ಅಂದರೆ ಕೇಳುವುದಿಲ್ಲ.

ಮಾಸ್ಟರ್ಸ್‌ಗೆ ಹೋಗುವ ನಿಮಗೆ ಬಿಎಸ್‌ಎ ಇಲ್ಲ. ಆದರೆ ಯುರೋಪಿನ ಹೊರಗಿನಿಂದ ಬಂದ ಎಲ್ಲ ವಿದ್ಯಾರ್ಥಿಗಳಿಗೂ ಇನ್ನೊಂದು ಲೆಕ್ಕ ಇದೆ: ಪ್ರತಿ ವರ್ಷ ಅರ್ಧದಷ್ಟು ಕ್ರೆಡಿಟ್ ಗಳಿಸಲೇಬೇಕು. 60ಕ್ಕೆ 30. ಇಲ್ಲದಿದ್ದರೆ ವಿಶ್ವವಿದ್ಯಾಲಯವೇ ವಲಸೆ ಇಲಾಖೆ ಐಎನ್‌ಡಿಗೆ ಬರೆದು ತಿಳಿಸಬೇಕಾಗುತ್ತದೆ, ರೆಸಿಡೆನ್ಸ್ ಪರ್ಮಿಟ್ಟಿಗೇ ಕುತ್ತು ಬರುತ್ತದೆ. ಅವರು ಸಿಟ್ಟಿನಿಂದ ಮಾಡುವುದಲ್ಲ, ನಿಮ್ಮ ಪರ್ಮಿಟ್ಟಿಗೆ ಅವರೇ ಸ್ಪಾನ್ಸರ್ ಆಗಿರುವುದರಿಂದ ಅದು ಅವರ ಕರ್ತವ್ಯ.

ಕೃಷಿ ಓದಿದವರಿಗೆ ವಾಗೆನಿಂಗನ್ ಆಸೆ ಸರಿಯಾದ ಆಸೆಯೇ, ಅದರ ಬಗ್ಗೆ ನನಗೇನೂ ತಕರಾರಿಲ್ಲ. 4 ವರ್ಷದ ಪದವಿ ಇದೆ, ಅದು ಅನುಕೂಲ. ಅರ್ಜಿಯಲ್ಲಿ ಮಾತ್ರ "ಬಾಲ್ಯದಿಂದಲೂ ರೈತರ ಕಷ್ಟ ನೋಡಿದ್ದೇನೆ" ಅಂತ ಪುಟಗಟ್ಟಲೆ ಬರೆಯಬೇಡಿ. ಹಳ್ಳಿಯಲ್ಲಿ ಮಾಡಿದ ಕೃಷಿ ಕಾರ್ಯಾನುಭವದಲ್ಲಿ ಬ್ಯಾಡಗಿ ಮೆಣಸಿನಕಾಯಿಯ ಮುಟುರು ರೋಗವನ್ನು ಹೊಲದಲ್ಲಿ ಹೇಗೆ ಎಣಿಸಿದಿರಿ, ಏನು ಕಂಡಿತು, ಅದನ್ನು ಬರೆಯಿರಿ.

ಪ್ರಶ್ನೆ: ದುರ್ಗದಬೈಲಿನಲ್ಲಿ ನಮ್ಮದು ಬಟ್ಟೆ ಅಂಗಡಿ. ಮಗನಿಗೆ ಅಲ್ಲಿ ಓದಿಸಬೇಕು. ಜರ್ಮನಿಯಂತೆ ಅಲ್ಲಿಯೂ ಫೀ ಇಲ್ಲ ಅಂತ ಕೇಳಿದೆವು. ಒಟ್ಟು ಎಷ್ಟು ಬೇಕಾದೀತು ಅಂತ ಬಿಚ್ಚಿ ಹೇಳಿ. (ಹುಬ್ಬಳ್ಳಿ)

ಉತ್ತರ: ಯಾರೋ ಅಕ್ಕಪಕ್ಕದ ದೇಶಗಳನ್ನು ಕಲೆಸಿ ಹೇಳಿದ್ದಾರೆ ಸಾಹುಕಾರ್ರೇ. ನೆದರ್ಲೆಂಡ್ಸ್‌ನಲ್ಲಿ ಫೀ ಇದೆ, ಎರಡು ತರಹ ಇದೆ. ಯುರೋಪಿಯನ್ ಒಕ್ಕೂಟದ ಮಕ್ಕಳಿಗೆ ಸರಕಾರ ನಿಗದಿ ಮಾಡಿದ ಫೀ, 2025-26ಕ್ಕೆ ವರ್ಷಕ್ಕೆ 2,601 ಯೂರೊ. ಯೂಟ್ಯೂಬ್‌ನಲ್ಲಿ ತೋರಿಸುವುದು ಇದನ್ನೇ. ನಮ್ಮ ಮಕ್ಕಳಿಗೆ ಅದು ಅನ್ವಯಿಸುವುದಿಲ್ಲ. ನಮಗೆ ಸಂಸ್ಥೆಯೇ ಗೊತ್ತುಮಾಡಿದ ಫೀ: ಎಚ್‌ಬಿಒ ಆದರೆ ವರ್ಷಕ್ಕೆ ಸುಮಾರು 8ರಿಂದ 12 ಸಾವಿರ ಯೂರೊ, ವಿಶ್ವವಿದ್ಯಾಲಯದ ಮಾಸ್ಟರ್ಸ್ ಆದರೆ 15 ಸಾವಿರದಿಂದ 25 ಸಾವಿರದವರೆಗೆ.

ಇದರ ಜೊತೆ ಊಟ-ವಸತಿ ಖರ್ಚಿಗೆ ರೊಕ್ಕ ಇದೆ ಅಂತ ಐಎನ್‌ಡಿಗೆ ತೋರಿಸಬೇಕು. ತಿಂಗಳಿಗೆ 1,100 ಯೂರೊ ಮೇಲೆ, ಪ್ರತಿ ವರ್ಷ ಏರುತ್ತದೆ. ವರ್ಷಕ್ಕೆ ಹದಿಮೂರು-ಹದಿನಾಲ್ಕು ಸಾವಿರ ಅಂತ ಹಿಡಿಯಿರಿ. ಸಾಮಾನ್ಯವಾಗಿ ಇದನ್ನು ಫೀ ಜೊತೆಗೇ ವಿಶ್ವವಿದ್ಯಾಲಯದ ಖಾತೆಗೆ ಕಳಿಸಬೇಕು. ಮಗ ಅಲ್ಲಿ ಹೋಗಿ ಬ್ಯಾಂಕ್ ಖಾತೆ ತೆರೆದ ಮೇಲೆ ಅದು ಅವನಿಗೆ ವಾಪಸ್ ಬರುತ್ತದೆ. ಅಂದರೆ ವಿಮಾನ ಹತ್ತುವ ಮೊದಲೇ ಮೊದಲ ವರ್ಷದ ಪೂರ್ತಿ ಗಂಟು ಕೈಬಿಡುತ್ತದೆ.

ಈಗ ಒಂದು ಯೂರೊಗೆ 100 ರೂಪಾಯಿ ಅಂತ ಇಟ್ಟು ಕೂಡಿಸಿ ನೋಡಿ. ಒಂದು ವರ್ಷದ ಮಾಸ್ಟರ್ಸ್, ಫೀ 20 ಸಾವಿರ, ಖರ್ಚು 13,500: ಮೂವತ್ಮೂರೂವರೆ ಲಕ್ಷ. ಎರಡು ವರ್ಷದ್ದು ಆದರೆ 67 ಲಕ್ಷ. ಎಚ್‌ಬಿಒನಲ್ಲಿ 4 ವರ್ಷದ ಬ್ಯಾಚುಲರ್, ಫೀ ಬರೀ 9,500 ಅಂತ ಇಟ್ಟರೂ 92 ಲಕ್ಷ! ಫೀ ಅಗ್ಗ ಕಂಡ ಕಡೆಯೇ ಒಟ್ಟು ಖರ್ಚು ಜಾಸ್ತಿ. ಮಗ ಈಗ ಪಿಯುಸಿಯೋ ಡಿಗ್ರಿಯೋ ನೀವು ಬರೆದಿಲ್ಲ. ಪಿಯುಸಿ ಆಗಿದ್ದರೆ ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ: ಬಿ.ಇ. ಇಲ್ಲೇ ವಿದ್ಯಾನಗರದಲ್ಲೋ ಧಾರವಾಡದಲ್ಲೋ ಮಾಡಲಿ, ಮಾಸ್ಟರ್ಸ್‌ಗೆ ಕಳಿಸಿ. ಮಾಸ್ಟರ್ಸ್ ಮಟ್ಟದಲ್ಲಿ ಇಂಗ್ಲಿಷ್ ಕೋರ್ಸುಗಳೂ ಹೆಚ್ಚು. ಬ್ಯಾಚುಲರ್‌ನಲ್ಲಿ ಇಂಗ್ಲಿಷ್ ಕೋರ್ಸು ಕಡಿಮೆ ಮಾಡಿ ಡಚ್ ಭಾಷೆಗೆ ಒತ್ತು ಕೊಡುವ ಕಡೆ 2024ರಲ್ಲಿ ಅಲ್ಲಿನ ಸರಕಾರ ಹೊರಟಿತ್ತು.

ಸಾಲದ ಮಾತು: 7.5 ಲಕ್ಷ ದಾಟಿದರೆ ಬ್ಯಾಂಕುಗಳು ಸಾಮಾನ್ಯವಾಗಿ ಅಡಮಾನ ಕೇಳುತ್ತವೆ. ಮನೆ, ಎನ್.ಎ. ಆದ ಪ್ಲಾಟು ನಡೆಯುತ್ತದೆ. ಹೊಲದ ಉತಾರ ಹಿಡಿದುಕೊಂಡು ಹೋದರೆ ಹೆಚ್ಚಿನ ಕಡೆ ಒಪ್ಪುವುದಿಲ್ಲ. ಹಾವೇರಿ, ಗದಗ ಕಡೆಯ ರೈತರು ಇದನ್ನು ಮೊದಲೇ ವಿಚಾರಿಸಿಕೊಳ್ಳಿ, ಆಫರ್ ಲೆಟರ್ ಬಂದ ಮೇಲೆ ಓಡಾಡಿದರೆ ಗಡುವು ಮೀರುತ್ತದೆ. ಪರಿಶಿಷ್ಟ ಜಾತಿ, ಪಂಗಡದ ವಿದ್ಯಾರ್ಥಿಗಳಿಗೆ ನಮ್ಮ ಸಮಾಜ ಕಲ್ಯಾಣ ಇಲಾಖೆಯ ಪ್ರಬುದ್ಧ ವಿದೇಶಿ ವಿದ್ಯಾರ್ಥಿವೇತನ ಇದೆ. ಅದನ್ನು ಬಿಟ್ಟುಕೊಡಬೇಡಿ. ವಿಶ್ವವಿದ್ಯಾಲಯಗಳೂ ಸ್ವಂತ ಸ್ಕಾಲರ್‌ಶಿಪ್ ಕೊಡುತ್ತವೆ, ಟ್ವೆಂಟೆ ವಿಶ್ವವಿದ್ಯಾಲಯದ್ದು ನಮ್ಮ ಹುಡುಗರಿಗೆ ಗೊತ್ತಿರುವಂಥದ್ದು. ಆದರೆ ಸಿಕ್ಕರೆ ಸಿಕ್ಕೀತು ಅಂತಷ್ಟೇ ಇಟ್ಟುಕೊಳ್ಳಿ, ಅದನ್ನು ನಂಬಿ ಲೆಕ್ಕ ಹಾಕಬೇಡಿ.

ಪ್ರಶ್ನೆ: ಬಿ.ಕಾಂ. 3 ವರ್ಷ ಮುಗಿಸಿದ್ದೇನೆ, ಶೇ. 78. ಫೈನಾನ್ಸ್‌ನಲ್ಲಿ ಮಾಸ್ಟರ್ಸ್‌ಗೆ ಅರ್ಜಿ ಹಾಕಿದರೆ "ಪದವಿ ಸಾಲದು" ಅಂತ ವಾಪಸ್ ಬಂತು. ಶೇಕಡಾ ಕಡಿಮೆಯಾಯಿತೇ? (ಗದಗ)

ಉತ್ತರ: ಶೇಕಡಾ ಅಲ್ಲ ತಂಗಿ, ವರ್ಷ. ನಮ್ಮ 3 ವರ್ಷದ ಬಿ.ಕಾಂ., ಬಿ.ಎ., ಬಿ.ಎಸ್ಸಿ.ಯನ್ನು ಅಲ್ಲಿನ ಹಲವು ವಿಶ್ವವಿದ್ಯಾಲಯಗಳು ತಮ್ಮ ಬ್ಯಾಚುಲರ್‌ಗೆ ಪೂರ್ತಿ ಸಮ ಅಂತ ಒಪ್ಪುವುದಿಲ್ಲ. ಅವರದ್ದೂ 3 ವರ್ಷವೇ ಅಲ್ವಾ ಅಂತ ನೀನು ಕೇಳಬಹುದು. ಹೌದು, ಆದರೆ ಅವರ ಮಕ್ಕಳು ಮೊದಲೇ ಹೇಳಿದ 6 ವರ್ಷದ ವಿಡಬ್ಲ್ಯುಒ ಶಾಲೆ ಮುಗಿಸಿ ಬಂದಿರುತ್ತಾರೆ. ಲೆಕ್ಕ ಅಲ್ಲಿ ತಪ್ಪುತ್ತದೆ. ಅನ್ಯಾಯ ಅನಿಸಿದರೆ ಅನಿಸಲಿ, ವಾದಿಸಿ ಪ್ರಯೋಜನ ಇಲ್ಲ. ಎನ್‌ಇಪಿಯಲ್ಲಿ 4ನೇ ವರ್ಷದ ಆನರ್ಸ್ ಬಂದಾಗ ಇಂಥವರಿಗೆ ದಾರಿಯಾಯಿತು ಅಂದುಕೊಂಡಿದ್ದೆವು, 2024ರಲ್ಲಿ ರಾಜ್ಯ ಮತ್ತೆ 3 ವರ್ಷಕ್ಕೆ ಬಂತು.

ನಿನಗಿರುವ ದಾರಿ: ಇಲ್ಲಿ ಎಂ.ಕಾಂ. ಮುಗಿಸಿ ಮತ್ತೆ ಹಾಕುವುದು, ಪ್ರಿ-ಮಾಸ್ಟರ್ ಕೊಡುತ್ತಾರೆಯೇ ಅಂತ ಕೇಳುವುದು, ಇಲ್ಲವೇ ಎಚ್‌ಬಿಒಗಳು ನಡೆಸುವ ಮಾಸ್ಟರ್ಸ್ ನೋಡುವುದು. ನಾನಾದರೆ ಎಂ.ಕಾಂ. ಮಾಡುತ್ತಿದ್ದೆ. ಮನೆಯಲ್ಲಿದ್ದುಕೊಂಡೇ ಆಗುತ್ತದೆ, ಆಮೇಲೆ ಬಾಗಿಲೂ ಹೆಚ್ಚು. ಖಾಸಗಿ ಬಿಸಿನೆಸ್ ಸ್ಕೂಲುಗಳು "ನಿಮ್ಮ 3 ವರ್ಷ ನಮಗೆ ಸಾಕು" ಅಂತ ಕರೆದರೆ, ಆ ಕೋರ್ಸಿಗೆ ಎನ್‌ವಿಎಒ ಅನ್ನುವ ಅಲ್ಲಿನ ಮಾನ್ಯತಾ ಸಂಸ್ಥೆಯ ಒಪ್ಪಿಗೆ ಇದೆಯೇ ಅಂತ ಮೊದಲು ನೋಡು. ಇಲ್ಲದಿದ್ದರೆ ಎದ್ದು ಬಾ.

ಪ್ರಶ್ನೆ: ಓದುತ್ತಾ ದುಡಿದು ಫೀ ತುಂಬಬಹುದೇ? ಮುಗಿದ ಮೇಲೆ ಕೆಲಸ? (ಹುಬ್ಬಳ್ಳಿ, ಹಾವೇರಿ, ಲಕ್ಷ್ಮೇಶ್ವರದಿಂದ)

ಉತ್ತರ: ಫೀ ತುಂಬಲು ಆಗುವುದಿಲ್ಲ. ಕಿರಾಣಿ ಖರ್ಚು ಹೊರಟರೆ ದೊಡ್ಡದು. ವಾರಕ್ಕೆ 16 ಗಂಟೆ, ಇಲ್ಲವೇ ಜೂನ್, ಜುಲೈ, ಆಗಸ್ಟ್‌ನಲ್ಲಿ ಪೂರ್ತಿ ಹೊತ್ತು. ಎರಡರಲ್ಲಿ ಒಂದು. ಅದಕ್ಕೂ ಮಾಲೀಕ ನಿಮ್ಮ ಹೆಸರಲ್ಲಿ ವರ್ಕ್ ಪರ್ಮಿಟ್ ತೆಗೆಯಬೇಕು, ಪಕ್ಕದಲ್ಲೇ ಸ್ಪೇನ್ ಹುಡುಗ ಪರ್ಮಿಟ್ ಇಲ್ಲದೇ ಸಿಗುವಾಗ ಅವನಿಗೆ ಆ ಉಸಾಬರಿ ಯಾಕೆ? ಕೆಲಸ ಸಿಕ್ಕರೆ ಅಲ್ಲಿನ ಆರೋಗ್ಯ ವಿಮೆಯನ್ನೂ ಮಾಡಿಸಬೇಕಾಗುತ್ತದೆ. ಓದಿನ ಭಾಗವಾದ ಇಂಟರ್ನ್‌ಶಿಪ್‌ಗೆ ಈ ಪರ್ಮಿಟ್ ಬೇಡ.

ಮುಗಿದ ಮೇಲೆ ಒಂದು ವರ್ಷ ಕೆಲಸ ಹುಡುಕಲು ಪರ್ಮಿಟ್ ಇದೆ, ಪದವಿ ಮುಗಿದ 3 ವರ್ಷದೊಳಗೆ ಯಾವಾಗ ಬೇಕಾದರೂ ಪಡೆಯಬಹುದು. ಆ ವರ್ಷ ಯಾವ ಕೆಲಸವನ್ನಾದರೂ ಮಾಡಬಹುದು. ಇಂಜಿನಿಯರಿಂಗ್, ಐಟಿಯವರಿಗೆ ಇಂಗ್ಲಿಷ್ ನಡೆಯುತ್ತದೆ, ಐಂಡ್‌ಹೋವನ್ ಸುತ್ತ ಚಿಪ್ ಉದ್ಯಮದವರು ಬಹಳ ಇದ್ದಾರೆ. ಮ್ಯಾನೇಜ್‌ಮೆಂಟ್, ಎಚ್‌ಆರ್, ಮಾರ್ಕೆಟಿಂಗ್‌ನವರು ಡಚ್ ಕಲಿಯದೇ ಕೆಲಸ ಹುಡುಕುವುದು ಕಷ್ಟ.

ಪ್ರಶ್ನೆ: ಪದವಿ ಕಾಲೇಜಿನಲ್ಲಿ ಉಪನ್ಯಾಸಕ. ಅಲ್ಲಿ ಪಿಎಚ್.ಡಿ.ಗೆ ಫೀ ಎಷ್ಟು? ಪ್ರವೇಶ ಪರೀಕ್ಷೆ ಯಾವಾಗ? (ಧಾರವಾಡ)

ಉತ್ತರ: ಫೀ ಕಟ್ಟುವುದಲ್ಲ ಸರ್, ಅವರೇ ನಿಮಗೆ ಪಗಾರ ಕೊಡುತ್ತಾರೆ. ಅಲ್ಲಿ ಪಿಎಚ್.ಡಿ. ಬಹುಮಟ್ಟಿಗೆ ಒಂದು ನೌಕರಿ. ವಿಶ್ವವಿದ್ಯಾಲಯದ ಉದ್ಯೋಗಿಯಾಗಿ ಸಾಮಾನ್ಯವಾಗಿ 4 ವರ್ಷದ ನೇಮಕ, ಮೊದಲ ವರ್ಷವೇ ತಿಂಗಳಿಗೆ ಕಡಿತಕ್ಕೆ ಮುಂಚೆ 3,000 ಯೂರೊ ಆಸುಪಾಸು. ಪ್ರವೇಶ ಪರೀಕ್ಷೆ ಇಲ್ಲ, ಜಾಹೀರಾತು ಬರುತ್ತದೆ. ಅಕಾಡೆಮಿಕ್ ಟ್ರಾನ್ಸ್‌ಫರ್ ಅನ್ನುವ ತಾಣದಲ್ಲಿ ಹುದ್ದೆಗಳು ಬೀಳುತ್ತವೆ, ವಿಷಯ ಅವರದ್ದೇ ಇರುತ್ತದೆ, ಅದಕ್ಕೆ ನೀವು ತಕ್ಕವರೇ ಅಂತ ಸಂದರ್ಶನ ಮಾಡುತ್ತಾರೆ. ಗೈಡ್ ಹುಡುಕಿಕೊಂಡು ಮನೆ ಮನೆ ಅಲೆಯುವ ಕೆಲಸ ಇಲ್ಲ. ಕೊನೆಯ ಮೌಖಿಕ ಪರೀಕ್ಷೆಗೂ ಗಡಿಯಾರ ಇಟ್ಟಿರುತ್ತಾರೆ: ಹೊತ್ತಾಯಿತು ಅಂದರೆ ದಂಡ ಹಿಡಿದ ಅಧಿಕಾರಿ ಒಳಗೆ ಬಂದು ಲ್ಯಾಟಿನ್‌ನಲ್ಲಿ "ಹೋರಾ ಎಸ್ಟ್" ಅನ್ನುತ್ತಾರೆ, ಮುಗಿಯಿತು, ಅರ್ಧಕ್ಕೆ ನಿಂತ ಪ್ರಶ್ನೆ ಅರ್ಧಕ್ಕೇ. ನಮ್ಮ ವೈವಾಗಳಿಗೂ ಇಂಥವರೊಬ್ಬರು ಬೇಕಿತ್ತು.

ಪ್ರಶ್ನೆ: ಮಗಳಿಗೆ ಗ್ರೊನಿಂಗೆನ್‌ನಲ್ಲಿ ಸೀಟು ಸಿಕ್ಕಿದೆ. ಹಾಸ್ಟೆಲ್ ಕೊಡುವುದಿಲ್ಲವಂತೆ. ಒಬ್ಬರು ಆನ್‌ಲೈನ್‌ನಲ್ಲಿ ಖೋಲಿ ತೋರಿಸಿ ಎರಡು ತಿಂಗಳ ಬಾಡಿಗೆ ಮುಂಗಡ ಕೇಳುತ್ತಿದ್ದಾರೆ. ಜೊತೆಗೆ ಏನೇನು ಕಟ್ಟಿ ಕಳಿಸಲಿ? (ಧಾರವಾಡ)

ಉತ್ತರ: ರೊಕ್ಕ ಕಳಿಸಬೇಡಿ ಅಕ್ಕಾ, ಮೊದಲು ಅದನ್ನು ಹೇಳಿಬಿಡುತ್ತೇನೆ. ಅಲ್ಲಿ ವಿಶ್ವವಿದ್ಯಾಲಯದ ಒಳಗೆ ಹಾಸ್ಟೆಲ್, ಮೆಸ್ಸು ಅನ್ನುವ ಪದ್ಧತಿ ಸಾಮಾನ್ಯವಾಗಿ ಇಲ್ಲ, ಮಕ್ಕಳು ಊರೊಳಗೆ ಖೋಲಿ ಹಿಡಿಯುತ್ತಾರೆ. ಖೋಲಿಗಳ ಬರ ಎಷ್ಟಿದೆ ಅಂದರೆ "ವಸತಿ ಸಿಗದಿದ್ದರೆ ಬರಲೇಬೇಡಿ" ಅಂತ ವಿಶ್ವವಿದ್ಯಾಲಯಗಳೇ ವಿದ್ಯಾರ್ಥಿಗಳಿಗೆ ಹೇಳಿದ್ದುಂಟು. ಬರ ಇದ್ದಲ್ಲಿ ಮೋಸಗಾರರೂ ಇರುತ್ತಾರೆ. ವಿಶ್ವವಿದ್ಯಾಲಯದ ಹೌಸಿಂಗ್ ಆಫೀಸು ತೋರಿಸುವ ಸಂಸ್ಥೆಗಳಲ್ಲಿ ಇವತ್ತೇ ಹೆಸರು ಹಚ್ಚಿ. ಬೇರೆಯವರ ಖೋಲಿ ಆದರೆ ಅಲ್ಲಿಯೇ ಓದುವ ನಮ್ಮ ಕಡೆಯ ಯಾರಾದರೂ ಹೋಗಿ ಕಣ್ಣಾರೆ ನೋಡಲಿ. "ಈ ವಿಳಾಸದಲ್ಲಿ ನೋಂದಣಿ ಆಗುವುದಿಲ್ಲ" ಅಂತ ಬರೆದಿದ್ದರೆ ಎಷ್ಟೇ ಅಗ್ಗ ಇದ್ದರೂ ಬೇಡ. ನಗರಸಭೆಯಲ್ಲಿ ವಿಳಾಸ ನೋಂದಣಿ ಆಗದೇ ಬಿಎಸ್‌ಎನ್ ಅನ್ನುವ, ನಮ್ಮ ಆಧಾರ್ ತರಹದ ನಂಬರ್ ಸಿಗುವುದಿಲ್ಲ, ಅದಿಲ್ಲದೇ ಮುಂದಿನ ಯಾವ ಕೆಲಸವೂ ಸರಿಯಾಗಿ ಸಾಗುವುದಿಲ್ಲ.

ಕಟ್ಟಿ ಕಳಿಸುವುದರಲ್ಲಿ ತುಪ್ಪ ಬೇಡ. ಹಾಲಿನ ಪದಾರ್ಥ, ಮಾಂಸದ ಪದಾರ್ಥ ಯುರೋಪಿನೊಳಗೆ ಲಗೇಜಿನಲ್ಲಿ ಒಯ್ಯುವಂತಿಲ್ಲ. ಧಾರವಾಡದವರಿಗೆ ಹೇಳಲು ಮನಸ್ಸು ಬರುವುದಿಲ್ಲ, ಆದರೆ ಪೇಢೆಯನ್ನೂ ಮನೆಯಲ್ಲೇ ತಿನ್ನಿಸಿ ಕಳಿಸಿದರೆ ಕಸ್ಟಮ್ಸ್‌ನಲ್ಲಿ ತಕರಾರಿರುವುದಿಲ್ಲ. ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಮಸಾಲೆ ಖಾರದ ಪುಡಿ ಇವನ್ನು ಗಟ್ಟಿಯಾಗಿ ಪ್ಯಾಕ್ ಮಾಡಿ. ಒಳ್ಳೆಯ ರೇನ್‌ಕೋಟ್ ಕೊಡಿಸಿ, ಛತ್ರಿ ಅಲ್ಲಿನ ಗಾಳಿಗೆ ನಿಲ್ಲುವುದಿಲ್ಲ, ಓಡಾಟವೂ ಸೈಕಲ್ ಮೇಲೆಯೇ. ಅವಳಿಗೆ ಸೈಕಲ್ ಬರದಿದ್ದರೆ ಈ ರಜೆಯಲ್ಲೇ ಕಲಿಸಿ.

ಇನ್ನೊಂದು, ಬಹಳ ಮಂದಿ ಮರೆಯುವುದು: ಜನನ ಪ್ರಮಾಣಪತ್ರ. ನಗರಸಭೆಯ ನೋಂದಣಿಗೆ ಅದನ್ನು ಕೇಳುತ್ತಾರೆ, ಅದಕ್ಕೆ ಭಾರತದ ವಿದೇಶಾಂಗ ಸಚಿವಾಲಯದ ಅಪೋಸ್ಟಿಲ್, ಅಂದರೆ ದಾಖಲೆ ಅಸಲಿ ಅನ್ನುವ ಮುದ್ರೆ ಬೇಕು. ಪಾಸ್‌ಪೋರ್ಟ್, ಮಾರ್ಕ್ಸ್ ಕಾರ್ಡು, ಜನನ ಪತ್ರ ಮೂರರಲ್ಲೂ ಹೆಸರಿನ ಸ್ಪೆಲ್ಲಿಂಗ್, ಇನಿಷಿಯಲ್, ಮನೆತನದ ಹೆಸರು ಒಂದೇ ತರಹ ಇದೆಯೇ ಅಂತ ಈಗಲೇ ಇಟ್ಟು ನೋಡಿ. ಒಂದರಲ್ಲಿ ಹೊಸಮನಿ, ಇನ್ನೊಂದರಲ್ಲಿ ಬರೀ ಎಚ್ ಇದ್ದರೆ, ತಿದ್ದಿಸುವ ಕೆಲಸ ಇಲ್ಲೇ ಮುಗಿಸಿ. ಅಲ್ಲಿಂದ ಫೋನಿನಲ್ಲಿ ಮಾಡಿಸಲು ಆಗುವುದಿಲ್ಲ.